ಮೌಖಿಕ ಕಾವ್ಯದ ಧ್ವನಿಮುದ್ರಣದಲ್ಲಿ ವಾಹಕ ವಿಚಾರ

೧

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ತುಮಕೂರು ಜಿಲ್ಲೆಗೆ ಸೇರಿದವು. ಶಿಕ್ಷಣ ಇಲಾಖೆಯ ಆಡಳಿತದಲ್ಲಿ ಇವು ಒಟ್ಟುಗೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಸೀಮೆ ಮಧುಗಿರಿ, ಪಾವಗಡಗಳ ಗಿರಿದುರ್ಗಗಳಿಂದಲೂ ಮೊಗಲರ ಸುಬಾದ ಮುಖ್ಯಸ್ಥಳವಾಗಿದ್ದ ಶಿರಾ ಪಟ್ಟಣದಿಂದಲೂ ಪರಿಚಿತವಾಗಿದೆ. ಶಾಸನಾಭ್ಯಾಸಿಗಳಿಗೆ ೧೯೦೪ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟದ ಮೂಲಕ ಪರಿಚಿತವಾಗಿದೆ. ಜಾನಪದದ ಅಭ್ಯಾಸಿಗಳಿಗಾದರೋ ಇದು ಜುಂಜಪ್ಪನ ನಾಡು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿಯಲ್ಲಿರುವ ಜುಂಜಪ್ಪನ ಗುಡ್ಡೆ ಕಾಡುಗೊಲ್ಲರ ಶ್ರದ್ಧಾಕೇಂದ್ರ. ಆ ವೀರನ ಕಥೆಯನ್ನು ಗಣೆಯೆಂಬ ಉದ್ದವಾದ ಬಿದಿರಿನ ಕೊಳಲಿನೊಡನೆ ಹಾಡುವ ಸಂಪ್ರದಾಯ ಹಟ್ಟಿಗಳಲ್ಲಿ ಇಂದಿಗೂ ಉಳಿದಿದೆ. ಇದರೊಡನೆ ಅರೆವಾದ್ಯ, ಉರುಮೆ, ಕೋಲಾಟದ ಪದಗಳು, ತತ್ತ್ವಪದಗಳು, ರಾತ್ರಿಯಿಡೀ ನಡೆಯುವ ಮೂಡಲಪಾಯದ ಆಟಗಳು ಇವೆಲ್ಲವನ್ನೂ ಸೇರಿಸಿಕೊಂಡರೆ ಈ ಸೀಮೆಯ ಮೌಖಿಕ ಸಾಹಿತ್ಯ ಎಷ್ಟು ವಿಪುಲವಾದುದೆಂಬುದು ವಿಶದವಾಗುತ್ತದೆ.

ಕಾಡುಗೊಲ್ಲರ ಸಂಸ್ಕೃತಿಯನ್ನು ಕುರಿತು ತೀ. ನಂ. ಶಂಕರನಾರಾಯಣ, ಮೀರಾಸಾಬಿಹಳ್ಳಿ ಶಿವಣ್ಣ ಮೊದಲಾದವರೂ, ಮೂಡಲಪಾಯವನ್ನು ಕುರಿತು ಜೀ. ಶಂ. ಪರಮಶಿವಯ್ಯನವರೂ ಮಾಡಿರುವ ಕೆಲಸವನ್ನು ಇಲ್ಲಿ ಮತ್ತೆ ವಿವರಿಸಬೇಕಾದುದಿಲ್ಲ. ಆ ಕೆಲಸವನ್ನು ಮುಂದುವರಿಸಲು ಹೊರಡುವ ಇಂದಿನ ಸಂಶೋಧಕ ತನ್ನೊಡನೆ ಒಯ್ಯುವ ಉಪಕರಣವನ್ನು ಕುರಿತು ಮಾತ್ರ ಪ್ರಕೃತ ಲೇಖನದಲ್ಲಿ ನಾವು ವಿಚಾರ ಮಾಡಲು ಉದ್ದೇಶಿಸಿದ್ದೇವೆ. ಹಲವು ಮೈಕುಗಳ ಧ್ವನಿಯನ್ನು ಬೇರೆಬೇರೆ ಪಥಗಳಲ್ಲಿ ಏಕಕಾಲಕ್ಕೆ ಮುದ್ರಿಸುವ ಡಿಜಿಟಲ್ ಮಿಕ್ಸರ್ ಈಗ ಪಟ್ಟಣದ ಮೈಕ್‌ಸೆಟ್‌ನವರ ಬಳಿಯಲ್ಲಿಯೂ ದೊರೆಯುತ್ತದೆ. ಅದರ ಹಿಂಬದಿಯಲ್ಲಿಯೋ ಮೇಲ್ಭಾಗದಲ್ಲಿಯೋ ಚುಚ್ಚುವ ಬೆರಳುದ್ದದ ಪೆನ್‌ಡ್ರೈವ್ ಅಥವಾ ಉಗುರಿನಗಲದ ಮೆಮೊರಿ ಕಾರ್ಡ್ ಇಡೀ ರಾತ್ರಿಯ ಕಾವ್ಯವನ್ನು ಹೊರುತ್ತದೆ. ಈ ವಾಹಕವನ್ನು ಆರಿಸುವುದು ಮೈಕ್‌ಸೆಟ್‌ನವರ ಕೆಲಸ, ಪಠ್ಯವನ್ನು ಪರಿಶೀಲಿಸುವುದು ವಿದ್ವಾಂಸರ ಕೆಲಸ ಎಂಬ ವಿಭಾಗ ನಮ್ಮಲ್ಲಿ ತಾನಾಗಿಯೇ ಏರ್ಪಟ್ಟುಬಿಟ್ಟಿದೆ. ಈ ವಿಭಾಗ ಸರಿಯಲ್ಲವೆಂದೂ, ವಾಹಕದ ಪರೀಕ್ಷೆ ಗ್ರಂಥ ಸಂಪಾದನೆಯ ಅಂಗವೆಂದೂ ತೋರಿಸುವುದು ನಮ್ಮ ಉದ್ದೇಶ.

೨

ಬಹುಪಥ ಮುದ್ರಣ ಬೇಕೇ ಎಂಬ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕು. ಒಂದೇ ಮೈಕನ್ನು ನಡುವೆ ನಿಲ್ಲಿಸಿ ಮುದ್ರಿಸಿದ ಹಿಂದಿನ ಸಂಗ್ರಹಗಳಲ್ಲಿ ಸಂಪಾದಕನಿಗೆ ಎದುರಾಗುವ ತೊಡಕುಗಳು ಎಲ್ಲರಿಗೂ ಗೊತ್ತಿರುವಂಥವು. ಮುಂದಾಳು ಹಾಡುತ್ತಿರುವ ಸಾಲಿನ ಕೊನೆ ಹಿಮ್ಮೇಳದವರು ಸೊಲ್ಲು ಹಿಡಿಯುವುದರೊಳಗೆ ಮುಳುಗಿಹೋಗುತ್ತದೆ. ಗಣೆಯ ನಾದ ಒಂದು ನುಡಿಯ ಬಾಲವನ್ನೂ ಮುಂದಿನ ನುಡಿಯ ತಲೆಯನ್ನೂ ಕವಿದುಕೊಳ್ಳುತ್ತದೆ. ಮೂಡಲಪಾಯದಲ್ಲಿ ಮುಖವೀಣೆಯ ತೀಕ್ಷ್ಣವಾದ ಧ್ವನಿಯ ಕೆಳಗೆ ಭಾಗವತನ ಸಾಹಿತ್ಯ ಅಸ್ಪಷ್ಟವಾಗುತ್ತದೆ. ಇಂಥ ಎಡೆಗಳಲ್ಲಿ ಲಿಪ್ಯಂತರ ಮಾಡುವವನು ಊಹೆಯಿಂದ ಅಕ್ಷರ ತುಂಬುತ್ತಾನೆ; ಊಹೆಯೆಂದು ಅಡಿಟಿಪ್ಪಣಿಯಲ್ಲಿ ಹೇಳುವವರು ವಿರಳ.

ಮುಂದಾಳಿಗೆ ಒಂದು, ಹಿಮ್ಮೇಳಕ್ಕೆ ಎರಡು, ಗಣೆಗೆ ಒಂದು, ವಾದ್ಯಗಳಿಗೆ ಎರಡು ಮೂರು, ಕೇಳುವ ಜನರ ಕಡೆಗೆ ತಿರುಗಿಸಿದ ಎರಡು ಎಂದು ಮೈಕುಗಳನ್ನಿರಿಸಿ ಬೇರೆಬೇರೆ ಪಥಗಳಲ್ಲಿ ಮುದ್ರಿಸಿದರೆ, ಪದ ಯಾರ ಬಾಯಿಂದ ಬಂದಿತು, ಸೊಲ್ಲು ಎಲ್ಲಿ ಸಾಲಿನ ಮೇಲೆ ಏರಿತು, ಮುಂದಾಳು ಮರೆತಾಗ ಹಿಂದಿನವನು ಹೇಗೆ ಎತ್ತಿಕೊಟ್ಟನು, ಹಟ್ಟಿಯ ಹಿರಿಯರು ಯಾವ ಘಟ್ಟದಲ್ಲಿ ಅಡ್ಡಬಂದು ತಿದ್ದಿದರು ಎಂಬುವೆಲ್ಲ ಬಿಡಿಬಿಡಿಯಾಗಿ ಕೇಳಿಸುತ್ತವೆ. ಮೌಖಿಕ ಕಾವ್ಯದ ರಚನೆ ಒಬ್ಬನದೋ ಕೂಟದ್ದೋ ಎಂಬ ಹಳೆಯ ಚರ್ಚೆಗೆ ಇದಕ್ಕಿಂತ ಮೇಲಾದ ಸಾಮಗ್ರಿ ಬೇರೊಂದಿಲ್ಲ. ಮೈಕುಗಳ ಕಾಡಿನಲ್ಲಿ ಕುಳಿತವನು ಹಟ್ಟಿಯಲ್ಲಿ ಹಾಡುವಂತೆ ಹಾಡಲಾರನೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವುಂಟು. ಆದರೆ ಅದು ಮೈಕುಗಳನ್ನು ಎಲ್ಲಿ, ಎಷ್ಟು ಇಡಬೇಕೆಂಬ ವಿವೇಕಕ್ಕೆ ಸಂಬಂಧಪಟ್ಟದ್ದು. ಬಹುಪಥ ಮುದ್ರಣವನ್ನೇ ನಿರಾಕರಿಸುವುದಕ್ಕೆ ಕಾರಣವಾಗದು.

೩

ವಾಹಕ ಪಠ್ಯವನ್ನು ಕತ್ತರಿಸುವುದು ಹೊಸ ಸಂಗತಿಯಲ್ಲ. ೧೯೦೨ರಲ್ಲಿ ಭಾರತದಲ್ಲಿ ಗ್ರಾಮಫೋನ್ ಮುದ್ರಣ ಆರಂಭವಾದ ಮೇಲೆ ಮೂರು ನಾಲ್ಕು ನಿಮಿಷಗಳ ತಟ್ಟೆಗೆ ಹೊಂದುವಂತೆ ಹಾಡುಗಳೇ ಮೊಟಕಾದವು. ೧೯೩೩ರಿಂದ ೧೯೩೫ರವರೆಗೆ ಯುಗೊಸ್ಲಾವಿಯದಲ್ಲಿ ವೀರಗೀತೆಗಳನ್ನು ಸಂಗ್ರಹಿಸಿದ ಮಿಲ್ಮನ್ ಪ್ಯಾರಿ ಈ ತೊಂದರೆಯನ್ನು ಮುಂಚಿತವಾಗಿ ಕಂಡುಕೊಂಡು, ಎರಡು ತಿರುಗುತಟ್ಟೆಗಳಿರುವ ಯಂತ್ರವೊಂದನ್ನು ಮಾಡಿಸಿಕೊಂಡನು. ಒಂದು ಅಲ್ಯೂಮಿನಿಯಂ ತಟ್ಟೆ ತುಂಬುವಷ್ಟರಲ್ಲಿ ಮತ್ತೊಂದಕ್ಕೆ ಧ್ವನಿಯನ್ನು ತಿರುಗಿಸುವ ಈ ಏರ್ಪಾಡಿನಿಂದಾಗಿ ಹಾಡುವವನು ತಟ್ಟೆಗಾಗಿ ನಿಲ್ಲಬೇಕಾಗಲಿಲ್ಲ. ಪ್ಯಾರಿಯ ಕೀರ್ತಿಗೆ ಅವನ ಸೂತ್ರಪದ ಸಿದ್ಧಾಂತ ಕಾರಣವೆಂದು ನಮ್ಮ ಪಾಠಗಳಲ್ಲಿ ಹೇಳುತ್ತೇವೆ. ಆ ಸಿದ್ಧಾಂತಕ್ಕೆ ಆಧಾರವಾದ ಅಖಂಡವಾದ ಪಠ್ಯಗಳು ದೊರೆತದ್ದು ಎರಡು ತಟ್ಟೆಗಳ ಆ ಯಂತ್ರದಿಂದಲೂ ಎಂಬುದನ್ನು ಹೇಳುವುದಿಲ್ಲ. ನಮ್ಮ ನಾಡಿನಲ್ಲಿಯೇ ೧೯೯೦ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರು ಹೇಳಿದ ತುಳು ಸಿರಿ ಕಾವ್ಯವನ್ನು ಲೌರಿ ಹಾಂಕೊ ಅವರ ತಂಡ ಹಲವು ದಿನಗಳ ಕಾಲ ಮುದ್ರಿಸಿಕೊಂಡು, ೧೯೯೮ರಲ್ಲಿ ೧೫,೬೮೩ ಸಾಲುಗಳ ಪಠ್ಯವಾಗಿ ಪ್ರಕಟಿಸಿತು. ಅಷ್ಟು ದೀರ್ಘವಾದ ಪಠ್ಯ ಒಂದೇ ಬಾಯಿಯ ಒಂದೇ ಪ್ರಯೋಗವೆಂದು ಹೇಳಬಲ್ಲ ಧೈರ್ಯ ಬಂದದ್ದು ಮುದ್ರಣದ ಮೇಲಿನ ನಂಬಿಕೆಯಿಂದ.

ಹಿಂದಿನ ವಾಹಕಗಳಲ್ಲಿ ಒಂದು ಗುಣವಿತ್ತು. ಸ್ಪೂಲ್ ಟೇಪು ಮುಗಿದರೆ ಸುರುಳಿ ಬಿಚ್ಚಿಕೊಂಡು ಪಟಪಟನೆ ಸದ್ದು ಮಾಡುತ್ತಿತ್ತು. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದರೆ ಗುಂಡಿ ಟಕ್ಕನೆ ಮೇಲೇಳುತ್ತಿತ್ತು. ಎಷ್ಟು ಹೋಯಿತೆಂದು ತಿಳಿಯದಿದ್ದರೂ ಹೋಯಿತೆಂಬುದು ತಿಳಿಯುತ್ತಿತ್ತು. ಶಾಸನದಲ್ಲಿ ಅಕ್ಷರ ಸವೆದ ಎಡೆಯಲ್ಲಿ ಚುಕ್ಕೆಗಳನ್ನಿಡುತ್ತೇವೆ. ಓಲೆ ಮುರಿದಿದ್ದರೆ ಮುರಿದ ಅಂಚು ಕಣ್ಣಿಗೆ ಕಾಣುತ್ತದೆ. ಡಿಜಿಟಲ್ ವಾಹಕದಲ್ಲಿ ಲೋಪ ಹಾಗೆ ಕಾಣಲೇಬೇಕೆಂಬ ನಿಯಮವಿಲ್ಲ. ವಾಹಕ ಬರೆದುಕೊಳ್ಳಲು ತಡಮಾಡಿದಾಗ ಕೆಲವು ಯಂತ್ರಗಳು ಮುದ್ರಣವನ್ನೇ ನಿಲ್ಲಿಸುತ್ತವೆ. ಕೆಲವು ಆ ಎಡೆಯಲ್ಲಿ ಮೌನವನ್ನು ತುಂಬುತ್ತವೆ. ಕೆಲವೊಮ್ಮೆ ಹೋದ ಭಾಗದ ಎರಡು ಅಂಚುಗಳೂ ಒಂದಕ್ಕೊಂದು ಕೂಡಿಕೊಂಡುಬಿಡುತ್ತವೆ. ಮೂರನೆಯದು ಎಲ್ಲಕ್ಕಿಂತ ಅಪಾಯಕರ. ಏಕೆಂದರೆ ಸೂತ್ರಪದಗಳಿಂದ ಕಟ್ಟಿದ ಕಾವ್ಯದಲ್ಲಿ ಯಾವ ಸಾಲಿನ ಮುಂದೆ ಯಾವ ಸಾಲು ಬಂದರೂ ಒಂದು ಬಗೆಯ ಅರ್ಥ ಹೊರಡುತ್ತದೆ. ಸಂಪಾದಕನಿಗೆ ಕಾಣುವುದು ಲೋಪವಲ್ಲ, ‘ಸಂಕ್ಷೇಪ’. ಹಾಡುಗಾರ ಈ ಪ್ರಸಂಗವನ್ನು ಮೊಟಕುಗೊಳಿಸಿದ್ದಾನೆ, ಇವನಿಗೆ ಪೂರ್ತಿ ಪಾಠ ಬಾರದು, ಪರಂಪರೆ ಕ್ಷೀಣಿಸುತ್ತಿದೆ ಎಂದು ಆತ ಪೀಠಿಕೆಯಲ್ಲಿ ಬರೆಯುತ್ತಾನೆ. ವಾಹಕದ ತಪ್ಪು ಹಾಡುಗಾರನ ತಲೆಗೆ ಬರುತ್ತದೆ. ಅಕ್ಷರ ಕಲಿಯದ ಆ ಹಾಡುಗಾರ ಪೀಠಿಕೆಯನ್ನು ಓದಿ ಪ್ರತಿಭಟಿಸುವ ಸಂಭವವೂ ಇಲ್ಲ.

೪

ಇದು ಬರಿಯ ಊಹೆಯಲ್ಲ. ಶಿರಾ ಸೀಮೆಯ ಒಂದು ಹಟ್ಟಿಯಲ್ಲಿ ನಾವು ಹದಿನಾಲ್ಕು ಪಥಗಳಲ್ಲಿ ಮುದ್ರಣ ನಡೆಸಿದಾಗ, ಪೇಟೆಯ ಅಂಗಡಿಯಲ್ಲಿ ಕೊಂಡ ೧೨೮ ಗಿಗಾಬೈಟ್‌ನ ಪೆನ್‌ಡ್ರೈವನ್ನು ಬಳಸಿದ್ದೆವು. ಪೊಟ್ಟಣದ ಮೇಲೆ ಸೆಕೆಂಡಿಗೆ ೧೦೦ ಮೆಗಾಬೈಟ್ ವೇಗವೆಂದು ಅಚ್ಚಾಗಿತ್ತು. ಅದು ಓದುವ ವೇಗ, ಬರೆಯುವ ವೇಗವಲ್ಲವೆಂಬುದನ್ನು ನಾವು ಗಮನಿಸಿರಲಿಲ್ಲ. ಪದ ಆರಂಭವಾಗಿ ಒಂದೂವರೆ ಗಂಟೆ ಕಳೆದ ಮೇಲೆ ಮಿಕ್ಸರ್ ಮುದ್ರಣವನ್ನು ನಿಲ್ಲಿಸಿಬಿಟ್ಟಿತು. ಯಂತ್ರ ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿ ಪರದೆಯ ಮೇಲಿನ ಎಚ್ಚರಿಕೆಯನ್ನು ಕಂಡು ಮತ್ತೆ ಆರಂಭಿಸುವಷ್ಟರಲ್ಲಿ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟು ಕಾಲ ಸಂದಿತ್ತು. ಬೆಳಗ್ಗೆ ಆ ಭಾಗವನ್ನು ಮತ್ತೊಮ್ಮೆ ಹೇಳಬೇಕೆಂದು ಮುಂದಾಳನ್ನು ಕೇಳಿಕೊಂಡೆವು. “ರಾತ್ರಿ ಬಂದದ್ದು ಹಗಲೊತ್ತು ಬರಾಕಿಲ್ಲ ಸ್ವಾಮಿ” ಎಂದು ಆತ ಮೊದಲು ಒಪ್ಪಲಿಲ್ಲ. ನಮ್ಮ ಮೇಲಿನ ದಾಕ್ಷಿಣ್ಯದಿಂದ ಕೊನೆಗೆ ಹೇಳಿದ. ಆದರೆ ಗಣೆಯಿಲ್ಲದೆ, ಹಿಮ್ಮೇಳವಿಲ್ಲದೆ, ಜಗಲಿಯ ಮೇಲೆ ಕುಳಿತು ಹೇಳಿದ ಆ ಭಾಗ ಕಾಲು ಗಂಟೆಯೊಳಗೆ ಮುಗಿಯಿತು. ಅದು ಕಥೆಯ ಸಾರಾಂಶ, ರಾತ್ರಿಯ ಕಾವ್ಯವಲ್ಲ.

ಇದಕ್ಕಿಂತ ಹೆಚ್ಚಿನ ಪಾಠ ಅನಂತರ ಸಿಕ್ಕಿತು. ನಮ್ಮಲ್ಲೊಬ್ಬರು ಬ್ಯಾಟರಿಯಿಂದ ನಡೆಯುವ ಕೈ ರೆಕಾರ್ಡರೊಂದನ್ನು ಕಂಬಕ್ಕೆ ಕಟ್ಟಿ ಬಿಟ್ಟಿದ್ದರು. ಲಿಪ್ಯಂತರ ಮುಗಿಸಿದ ಮೇಲೆ ಎರಡನ್ನೂ ಜೊತೆಯಲ್ಲಿಟ್ಟು ಕೇಳಿದಾಗ, ಮಿಕ್ಸರ್ ನಿಲ್ಲುವುದಕ್ಕೆ ಮೊದಲೇ ಬಹುಪಥ ಮುದ್ರಣದಲ್ಲಿ ಮತ್ತೆರಡು ಸಣ್ಣ ಲೋಪಗಳು ಆಗಿದ್ದುದು ಗೊತ್ತಾಯಿತು. ಆ ಎರಡು ಎಡೆಗಳಲ್ಲಿಯೂ ಸಾಲುಗಳು ನುಣ್ಣಗೆ ಕೂಡಿಕೊಂಡಿದ್ದವು. ಒಂದು ಎಡೆಯನ್ನು ಕುರಿತು ‘ಇಲ್ಲಿ ಹಾಡುಗಾರ ವರ್ಣನೆಯನ್ನು ಬಿಟ್ಟು ಕಥೆಗೆ ಧಾವಿಸುತ್ತಾನೆ’ ಎಂಬ ಟಿಪ್ಪಣಿಯನ್ನು ನಾವೇ ಬರೆದಿದ್ದೆವು. ಆ ಟಿಪ್ಪಣಿಯನ್ನು ಹೊಡೆದುಹಾಕುವಾಗ ಆದ ನಾಚಿಕೆಯೇ ಈ ಲೇಖನಕ್ಕೆ ಪ್ರೇರಣೆ.

೫

ಲೋಪದ ಕಾರಣವನ್ನು ತಿಳಿಯಲು ಸ್ವಲ್ಪ ಲೆಕ್ಕ ಅಗತ್ಯ. ಸೆಕೆಂಡಿಗೆ ೪೮,೦೦೦ ಮಾದರಿಗಳು, ಮಾದರಿಗೆ ೨೪ ಬಿಟ್ ಎಂಬ ಪ್ರಮಾಣದಲ್ಲಿ ಒಂದು ಪಥಕ್ಕೆ ಸೆಕೆಂಡಿಗೆ ೧,೪೪,೦೦೦ ಬೈಟುಗಳಾಗುತ್ತವೆ. ಹದಿನಾಲ್ಕು ಪಥಗಳಿಗೆ ಸೆಕೆಂಡಿಗೆ ಸುಮಾರು ೨ ಮೆಗಾಬೈಟ್. ಮೂವತ್ತೆರಡು ಪಥಗಳಿಗೆ ಸುಮಾರು ೪.೬ ಮೆಗಾಬೈಟ್. ಎಂಟು ಗಂಟೆಗಳ ಒಂದು ಆಟವನ್ನು ಹದಿನಾಲ್ಕು ಪಥಗಳಲ್ಲಿ ಮುದ್ರಿಸಿದರೆ ಒಟ್ಟು ಸುಮಾರು ೫೮ ಗಿಗಾಬೈಟ್. ಈ ಅಂಕಿಗಳನ್ನು ನೋಡಿದವರು, ಅಂಗಡಿಯ ಯಾವ ಪೆನ್‌ಡ್ರೈವಿಗೂ ಇದು ಭಾರವಲ್ಲವೆಂದು ತೀರ್ಮಾನಿಸುತ್ತಾರೆ. ಸರಾಸರಿಯನ್ನು ನೋಡಿ ಮಾಡಿದ ಈ ತೀರ್ಮಾನದಲ್ಲಿಯೇ ದೋಷವಿದೆ.

ಮುದ್ರಣಕ್ಕೆ ಬೇಕಾದದ್ದು ಹೆಚ್ಚಿನ ವೇಗವಲ್ಲ, ಎಡೆಬಿಡದ ವೇಗ. ಅಗ್ಗದ ಪೆನ್‌ಡ್ರೈವುಗಳಲ್ಲಿ ಮೊದಲು ಸ್ವಲ್ಪ ಭಾಗವನ್ನು ಚುರುಕಾಗಿ ಬರೆದುಕೊಂಡು, ಅನಂತರ ಅದನ್ನು ಒಳಗಿನ ನಿಧಾನದ ಕೋಶಗಳಿಗೆ ಸಾಗಿಸುವ ಏರ್ಪಾಡಿರುವುದುಂಟು. ಸಾಗಿಸುವಾಗಲೂ, ಅಳಿಸಿದ ಜಾಗವನ್ನು ಮತ್ತೆ ಬಳಕೆಗೆ ಸಿದ್ಧಗೊಳಿಸುವಾಗಲೂ ಅದು ಒಂದು ಕ್ಷಣವೋ ಎರಡು ಕ್ಷಣವೋ ಹೊರಗಿನಿಂದ ಬರುವುದನ್ನು ತೆಗೆದುಕೊಳ್ಳುವುದಿಲ್ಲ. ಹದಿನಾಲ್ಕು ಪಥಗಳಲ್ಲಿ ಎರಡು ಸೆಕೆಂಡು ತಡವಾದರೆ ನಾಲ್ಕು ಮೆಗಾಬೈಟ್ ಧ್ವನಿಯನ್ನು ಮಿಕ್ಸರ್ ತನ್ನೊಳಗೆ ಹಿಡಿದಿಟ್ಟುಕೊಳ್ಳಬೇಕು. ಅದರ ಒಡಲು ಅಷ್ಟು ದೊಡ್ಡದಲ್ಲದಿದ್ದರೆ ತುಂಬಿ ಚೆಲ್ಲುತ್ತದೆ. ಚೆಲ್ಲಿದುದೇ ನಮ್ಮ ಪಠ್ಯದ ಲೋಪ. ಮೇಲಾಗಿ ಅನೇಕ ಯಂತ್ರಗಳು ಪಥಕ್ಕೊಂದು ಫೈಲಿನಂತೆ ಬರೆಯುವುದರಿಂದ ವಾಹಕ ಒಂದೇ ಸಾಲಾಗಿ ಬರೆಯದೆ ಹದಿನಾಲ್ಕು ಎಡೆಗಳಿಗೆ ಸರದಿಯಲ್ಲಿ ಹಾರಾಡಬೇಕಾಗುತ್ತದೆ. ಪೊಟ್ಟಣದ ಮೇಲಿನ ವೇಗ ಒಂದೇ ದೊಡ್ಡ ಫೈಲನ್ನು ಕುರಿತದ್ದು. ಈ ಹಾರಾಟವನ್ನು ಕುರಿತದ್ದಲ್ಲ.

ಈ ದೃಷ್ಟಿಯಿಂದ ವಾಹಕಗಳ ತಾರತಮ್ಯವನ್ನು ಹೀಗೆ ಹೇಳಬಹುದು. ಪೆನ್‌ಡ್ರೈವು ಎಲ್ಲಕ್ಕಿಂತ ಕೆಳಗಿನದು. ಒಂದೇ ಹೆಸರಿನ, ಒಂದೇ ಗಾತ್ರದ ಎರಡು ಪೆನ್‌ಡ್ರೈವುಗಳ ಒಳಗಿನ ಚಿಪ್ಪುಗಳೇ ಬೇರೆಬೇರೆಯಾಗಿರುವುದುಂಟು. ಎಸ್‌ಡಿ ಕಾರ್ಡುಗಳಲ್ಲಿ ಕನಿಷ್ಠ ವೇಗವನ್ನು ಸೂಚಿಸುವ ದರ್ಜೆಗಳಿವೆ. ಹತ್ತನೆಯ ದರ್ಜೆಯೆಂದರೆ ಸೆಕೆಂಡಿಗೆ ೧೦ ಮೆಗಾಬೈಟ್, ವಿ-೩೦ ಎಂದರೆ ೩೦ ಮೆಗಾಬೈಟ್. ಇವು ಗರಿಷ್ಠವನ್ನಲ್ಲ, ಕನಿಷ್ಠವನ್ನು ಹೇಳುವುದರಿಂದ ನಮ್ಮ ಕೆಲಸಕ್ಕೆ ಹೆಚ್ಚು ಅರ್ಥವತ್ತಾದವು. ತಿರುಗುವ ಹಾರ್ಡ್‌ಡಿಸ್ಕು ಬರೆಯುವುದರಲ್ಲಿ ಸಾಮಾನ್ಯವಾಗಿ ಸಮಸ್ಥಿತಿಯುಳ್ಳದ್ದು. ಆದರೆ ಅದರ ಮುಳ್ಳು ತಟ್ಟೆಯ ಮೇಲೆ ಕೂದಲೆಳೆಗಿಂತ ಕಡಮೆ ಅಂತರದಲ್ಲಿ ಚಲಿಸುವುದರಿಂದ ಉರುಮೆಯ ಪಕ್ಕದಲ್ಲಿಯೋ ದೊಡ್ಡ ಸ್ಪೀಕರಿನ ಮೇಲೆಯೋ ಇಡತಕ್ಕದ್ದಲ್ಲ. ಅಲ್ಲದೆ ಅದು ತಿರುಗಲಾರಂಭಿಸುವಾಗ ಬೇಡುವ ವಿದ್ಯುತ್ತು, ಹಳೆಯ ಯುಎಸ್‌ಬಿ ಕಿಂಡಿ ಕೊಡುವ ೫೦೦ ಮಿಲಿ ಆಂಪಿಯರನ್ನು ಮೀರುವ ಸಂಭವವುಂಟು. ಚಲಿಸುವ ಭಾಗವಿಲ್ಲದ ಎಸ್‌ಎಸ್‌ಡಿ, ಮಿಕ್ಸರ್ ಅದನ್ನು ಒಪ್ಪಿಕೊಳ್ಳುವುದಾದರೆ, ನಮ್ಮ ಅಭಿಪ್ರಾಯದಲ್ಲಿ ಈಗ ದೊರೆಯುವವುಗಳಲ್ಲಿ ಉತ್ತಮವಾದುದು. ಅದರ ಚುರುಕು ಭಾಗ ತುಂಬಿ ವೇಗ ಇಳಿದ ಮೇಲೆಯೂ ನಮಗೆ ಬೇಕಾದ ಎರಡು ಮೂರು ಮೆಗಾಬೈಟಿಗಿಂತ ಸಾಕಷ್ಟು ಮೇಲೆಯೇ ಇರುತ್ತದೆ.

ಮಿಕ್ಸರ್ ಒಪ್ಪಿಕೊಳ್ಳುವುದಾದರೆ ಎಂದು ಹೇಳಿದುದಕ್ಕೆ ಕಾರಣವಿದೆ. ಯಂತ್ರಗಳು ಒಂದೇ ತೆರನಲ್ಲ. ಬೆಹ್ರಿಂಗರ್ ಎಕ್ಸ್-೩೨ರ ಮೇಲ್ಭಾಗದ ಯುಎಸ್‌ಬಿ ಕಿಂಡಿಯಲ್ಲಿ ಎರಡೇ ಪಥಗಳು ಮುದ್ರಿತವಾಗುತ್ತವೆ. ಮೂವತ್ತೆರಡು ಪಥಗಳಿಗೆ ಎಕ್ಸ್-ಲೈವ್ ಎಂಬ ಕಾರ್ಡು ಬೇಕು. ಆ ಕಾರ್ಡಿನಲ್ಲಿ ಎರಡು ಎಸ್‌ಡಿ ಕಾರ್ಡುಗಳಿಗೆ ಎಡೆಯಿದೆ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಮುಂದುವರಿಯುವುದಕ್ಕಾಗಿ ಇರುವ ಈ ಏರ್ಪಾಡನ್ನು ಎರಡು ಪ್ರತಿಗಳೆಂದು ಭ್ರಮಿಸಬಾರದು. ಅಲೆನ್ ಅಂಡ್ ಹೀತ್ ಸಂಸ್ಥೆಯ ಕ್ಯೂ-೧೬ ಯುಎಸ್‌ಬಿ ವಾಹಕಕ್ಕೆ ನೇರವಾಗಿ ಹದಿನೆಂಟು ಪಥಗಳನ್ನು ಬರೆಯುತ್ತದೆ. ವಾಹಕವನ್ನು ಆ ಯಂತ್ರದಲ್ಲಿಯೇ ಫಾರ್ಮ್ಯಾಟ್ ಮಾಡಬೇಕು. ಇಷ್ಟಲ್ಲದೆ ಫ್ಯಾಟ್-೩೨ ಎಂಬ ಕಡತ ವ್ಯವಸ್ಥೆಯಲ್ಲಿ ಒಂದು ಫೈಲು ೪ ಗಿಗಾಬೈಟನ್ನು ಮೀರುವಂತಿಲ್ಲ. ಪಥಕ್ಕೊಂದು ಫೈಲಾದರೆ ಎಂಟು ಗಂಟೆಗಳ ಮುದ್ರಣ ಈ ಮಿತಿಯೊಳಗೆ ಹೇಗೋ ಅಡಗುತ್ತದೆ. ಮೂವತ್ತೆರಡು ಪಥಗಳೂ ಒಂದೇ ಫೈಲಿನಲ್ಲಿ ಹೆಣೆದುಕೊಳ್ಳುವ ಯಂತ್ರದಲ್ಲಿ ಕೆಲವು ನಿಮಿಷಗಳಿಗೊಮ್ಮೆ ಹೊಸ ಫೈಲು ತೊಡಗುತ್ತದೆ. ಅವುಗಳನ್ನು ಕೂಡಿಸುವಾಗ ಕ್ರಮ ತಪ್ಪದಂತೆ ನೋಡಿಕೊಳ್ಳುವುದು, ಗರಿ ಬಿಚ್ಚಿದ ಓಲೆಯ ಕಟ್ಟನ್ನು ಮತ್ತೆ ಜೋಡಿಸುವಷ್ಟೇ ಎಚ್ಚರಿಕೆಯ ಕೆಲಸ.

ಇನ್ನು ಎರಡು ಮಾತುಗಳಿವೆ. ಮೊದಲನೆಯದು ಖೋಟಾ ವಾಹಕ. ಎಂಟೋ ಹದಿನಾರೋ ಗಿಗಾಬೈಟಿನ ಚಿಪ್ಪನ್ನಿಟ್ಟು ೨೫೬ ಎಂದು ಕಂಪ್ಯೂಟರಿಗೆ ಸುಳ್ಳು ಹೇಳಿಸುವ ಪೆನ್‌ಡ್ರೈವುಗಳು, ಕಾರ್ಡುಗಳು ಪೇಟೆಯಲ್ಲಿವೆ. ಇವು ನಿಜವಾದ ಗಾತ್ರ ತುಂಬಿದ ಮೇಲೆಯೂ ಬರೆಯುತ್ತಿರುವಂತೆ ನಟಿಸುತ್ತವೆ. ಫೈಲುಗಳ ಹೆಸರು, ಗಾತ್ರ ಎಲ್ಲವೂ ಕಾಣುತ್ತವೆ, ಒಳಗೆ ಧ್ವನಿಯಿರುವುದಿಲ್ಲ. ಪೂರ್ತಿ ತುಂಬಿಸಿ ಮರಳಿ ಓದಿ ನೋಡುವ ಎಚ್‌೨ಟೆಸ್ಟ್‌ಡಬ್ಲ್ಯು, ಎಫ್‌೩ ಮುಂತಾದ ಉಚಿತ ಸಾಧನಗಳಿಂದ ಮಾತ್ರ ಈ ಮೋಸ ಬಯಲಾಗುತ್ತದೆ. ಎರಡನೆಯದು ವಿದ್ಯುತ್ತು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಪಾರ್ಕ್ ಇದ್ದರೂ, ರಾತ್ರಿಯ ಹಟ್ಟಿಯಲ್ಲಿ ನಮಗೆ ಒದಗುವುದು ಉದ್ದನೆಯ ತಂತಿಯ ಕೊನೆಯ ಅಳುಕುವ ದೀಪ ಅಥವಾ ಜನರೇಟರು. ಮುದ್ರಣದ ನಡುವೆ ವಿದ್ಯುತ್ತು ಹೋದರೆ ಹೋದ ಕ್ಷಣವಷ್ಟೇ ಅಲ್ಲ, ಮುಚ್ಚದೆ ಉಳಿದ ಫೈಲಿನ ಹಿಂದಿನ ಭಾಗವೂ ಓದಲು ಬಾರದಂತಾಗಬಹುದು. ಇದನ್ನರಿತೇ ಎಕ್ಸ್-ಲೈವ್ ಕಾರ್ಡಿನಲ್ಲಿ, ವಿದ್ಯುತ್ತು ಕಡಿದಾಗ ಫೈಲನ್ನು ಮುಚ್ಚುವಷ್ಟು ಕಾಲ ನಡೆಸುವ ಸಣ್ಣ ಬ್ಯಾಟರಿಗೆ ಎಡೆ ಮಾಡಿದ್ದಾರೆ. ಬ್ಯಾಟರಿಯನ್ನು ನಾವೇ ಕೊಂಡು ಹಾಕಬೇಕು. ಎಲ್ಲ ಯಂತ್ರಗಳಿಗೂ ಯುಪಿಎಸ್ ಇಡುವುದು ಕಡ್ಡಾಯವೆಂದು ಭಾವಿಸತಕ್ಕದ್ದು.

೬

ಇಷ್ಟರ ಮೇಲೆ ವಾಹಕದ ಆಯ್ಕೆಗೆ ಪ್ರಮಾಣಗಳನ್ನು ನಿರೂಪಿಸಬಹುದು. ಗಾತ್ರ, ಹೆಸರು, ಪೊಟ್ಟಣದ ವೇಗ ಇವು ಮೂರೂ ಗೌಣ. ಮಿಕ್ಸರ್ ತಯಾರಕರೇ ಪರೀಕ್ಷಿಸಿ ಹೇಳಿರುವ ವಾಹಕವಾದರೆ ಒಳ್ಳೆಯದು; ಆದರೂ ನಾವು ಪರೀಕ್ಷಿಸದೆ ನಂಬತಕ್ಕದ್ದಲ್ಲ. ಪರೀಕ್ಷೆಯೆಂದರೆ ಕಾಲೇಜಿನ ಕೋಣೆಯಲ್ಲಿ ಎರಡು ನಿಮಿಷ ಮುದ್ರಿಸಿ ಕೇಳುವುದಲ್ಲ. ಅದೇ ಮಿಕ್ಸರಿನಲ್ಲಿ, ಅದೇ ಸಂಖ್ಯೆಯ ಪಥಗಳಲ್ಲಿ, ಒಂದು ಇಡೀ ರಾತ್ರಿಯಷ್ಟು ಕಾಲ, ವಾಹಕ ಮುಕ್ಕಾಲು ಪಾಲು ತುಂಬುವವರೆಗೆ ಮುದ್ರಿಸಬೇಕು. ಕೊನೆಯಲ್ಲಿ ಎಲ್ಲ ಫೈಲುಗಳ ಉದ್ದವೂ ಒಂದೇ ಆಗಿದೆಯೇ, ಆ ಉದ್ದ ಗಡಿಯಾರಕ್ಕೆ ಸರಿಹೊಂದುತ್ತದೆಯೇ ಎಂದು ನೋಡಬೇಕು. ಹೀಗೆ ತೇರ್ಗಡೆಯಾದ ವಾಹಕವನ್ನು ಬೇರೆ ಕೆಲಸಕ್ಕೆ ಬಳಸದೆ, ಪ್ರತಿ ಮುದ್ರಣಕ್ಕೂ ಮುನ್ನ ಹಳೆಯದನ್ನು ಬೇರೆಡೆಗೆ ಪ್ರತಿಮಾಡಿಕೊಂಡು, ಮಿಕ್ಸರಿನಲ್ಲಿಯೇ ಹೊಸದಾಗಿ ಫಾರ್ಮ್ಯಾಟ್ ಮಾಡಬೇಕು. ಬೇಡದ ಫೈಲುಗಳನ್ನು ಮಾತ್ರ ಅಳಿಸಿ ಉಳಿದ ಜಾಗದಲ್ಲಿ ಬರೆಯಹೊರಟರೆ ವಾಹಕ ತುಂಡು ಜಾಗಗಳನ್ನು ಹುಡುಕುತ್ತ ತಡಮಾಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಎರಡನೆಯ ಸಾಕ್ಷಿ. ೧೯೬೪ರಲ್ಲಿ ಪ್ರಕಟವಾದ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿದ ನಮ್ಮ ವಿದ್ಯಾರ್ಥಿಗಳಿಗೆ ಪ್ರತ್ಯಂತರಗಳ ಬೆಲೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಒಂದೇ ಪ್ರತಿಯಿದ್ದಾಗ ಅದರ ಸ್ಖಾಲಿತ್ಯವನ್ನು ಅದರಿಂದಲೇ ಪತ್ತೆಹಚ್ಚುವುದು ದುಸ್ಸಾಧ್ಯ. ಧ್ವನಿಮುದ್ರಣದಲ್ಲಿಯೂ ಹಾಗೆಯೇ. ಮಿಕ್ಸರಿನ ಎರಡು ಪಥಗಳ ಮಿಶ್ರಣವನ್ನಾಗಲಿ, ಬೇರೊಂದು ಮೈಕಿನ ಧ್ವನಿಯನ್ನಾಗಲಿ ಸ್ವಂತ ಬ್ಯಾಟರಿಯುಳ್ಳ ಪ್ರತ್ಯೇಕ ರೆಕಾರ್ಡರಿನಲ್ಲಿ ಆರಂಭದಿಂದ ಕೊನೆಯವರೆಗೆ ಮುದ್ರಿಸಬೇಕು. ಸೌಕರ್ಯವಿದ್ದಲ್ಲಿ ಮಿಕ್ಸರಿನಿಂದ ಲ್ಯಾಪ್‌ಟಾಪಿಗೂ ಎಲ್ಲ ಪಥಗಳನ್ನು ಏಕಕಾಲದಲ್ಲಿ ಕಳುಹಿಸಬೇಕು. ಪ್ಯಾರಿಯ ಎರಡನೆಯ ತಟ್ಟೆ ಹಾಡು ಕಡಿಯದಂತೆ ಕಾಯಿತು. ನಮ್ಮ ಎರಡನೆಯ ವಾಹಕ ಕಡಿದುದನ್ನು ತೋರಿಸುತ್ತದೆ. ಈ ಎರಡನ್ನು ಹೋಲಿಸುವಾಗ ಒಂದು ಎಚ್ಚರಿಕೆ ಅಗತ್ಯ. ಪ್ರತಿಯೊಂದು ಯಂತ್ರಕ್ಕೂ ತನ್ನದೇ ಗಡಿಯಾರವಿರುವುದರಿಂದ ಎರಡು ಮುದ್ರಣಗಳು ಕ್ರಮಕ್ರಮವಾಗಿ ಹಿಂದುಮುಂದಾಗುತ್ತವೆ. ಹತ್ತು ಲಕ್ಷದಲ್ಲಿ ಐವತ್ತು ಪಾಲಿನಷ್ಟು ವ್ಯತ್ಯಾಸವಿದ್ದರೂ ಎಂಟು ಗಂಟೆಗಳಲ್ಲಿ ಸುಮಾರು ಒಂದೂವರೆ ಸೆಕೆಂಡಿನ ಅಂತರ ಬೀಳುತ್ತದೆ. ಇದು ಲೋಪವಲ್ಲ. ಅಂತರ ನಿಧಾನವಾಗಿ ಬೆಳೆದರೆ ಗಡಿಯಾರದ ಭೇದ. ಒಂದೆಡೆಯಲ್ಲಿ ಇದ್ದಕ್ಕಿದ್ದಂತೆ ಜಿಗಿದರೆ ವಾಹಕದ ಲೋಪ. ಆರಂಭದಲ್ಲಿ ಎಲ್ಲ ಮೈಕುಗಳಿಗೂ ಕೇಳುವಂತೆ ಒಮ್ಮೆ ಕೈತಟ್ಟುವುದು, ಕೊನೆಯಲ್ಲಿ ಮತ್ತೊಮ್ಮೆ ತಟ್ಟುವುದು, ಇಷ್ಟು ಮಾಡಿದರೆ ಹೋಲಿಕೆ ಸುಲಭವಾಗುತ್ತದೆ.

ಮುದ್ರಣದ ವಾಹಕ ಸಂರಕ್ಷಣೆಯ ವಾಹಕವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ವಿದ್ಯುತ್ ಸಂಪರ್ಕವಿಲ್ಲದೆ ಬೀರುವಿನಲ್ಲಿಟ್ಟ ಫ್ಲ್ಯಾಷ್ ಕೋಶಗಳಿಂದ ವಿದ್ಯುದಂಶ ಮೆಲ್ಲಗೆ ಸೋರುತ್ತದೆ. ಬರೆದು ಬರೆದು ಸವೆದ, ಮನೆಬಳಕೆಯ ಎಸ್‌ಎಸ್‌ಡಿ ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ವರ್ಷ ಉಳಿಸಿಕೊಂಡರೆ ಸಾಕೆಂಬುದು ತಯಾರಕರೇ ಒಪ್ಪಿದ ಮಾನದಂಡ. ಹೊಸದು ಹೆಚ್ಚು ಕಾಲ ಬಾಳುತ್ತದೆ. ಆದರೂ ನಮ್ಮ ಬಯಲುಸೀಮೆಯ ಬೇಸಗೆಯನ್ನು ನೆನೆದರೆ ಬೀರುವಿನ ಪೆನ್‌ಡ್ರೈವನ್ನು ಭಂ��ಾರವೆಂದು ಕರೆಯಲು ಮನಸ್ಸಾಗದು. ಮರುದಿನವೇ ಎರಡು ಹಾರ್ಡ್‌ಡಿಸ್ಕುಗಳಿಗೆ ಪ್ರತಿಮಾಡಿ, ಪ್ರತಿ ಫೈಲಿನ ಪರಿಶೀಲನಾಂಕವನ್ನು ಲೆಕ್ಕಹಾಕಿ ಬರೆದಿಟ್ಟು, ಒಂದನ್ನು ಬೇರೆ ಊರಿನಲ್ಲಿಡುವುದು ಕನಿಷ್ಠ ಕರ್ತವ್ಯ.

೭

ಕೊನೆಯದಾಗಿ ಸಂಪಾದಕನ ಹೊಣೆ. ಹಸ್ತಪ್ರತಿಯನ್ನು ಸಂಪಾದಿಸುವವನು ಅದು ಓಲೆಯೋ ಕಾಗದವೋ, ಗರಿಗಳೆಷ್ಟು, ಎಲ್ಲಿ ಮುರಿದಿದೆ, ಎಲ್ಲಿ ಹುಳು ತಿಂದಿದೆ ಎಂಬುದನ್ನು ಪೀಠಿಕೆಯಲ್ಲಿ ಹೇಳದಿದ್ದರೆ ನಾವು ಆ ಸಂಪಾದನೆಯನ್ನು ಶಾಸ್ತ್ರೀಯವೆಂದು ಒಪ್ಪುವುದಿಲ್ಲ. ಮೌಖಿಕ ಕಾವ್ಯಗಳ ಪೀಠಿಕೆಗಳಲ್ಲಿಯಾದರೋ ಹಾಡುಗಾರನ ವಯಸ್ಸು, ಊರು, ಕುಲಗಳ ವಿವರವಿರುತ್ತದೆ. ಮುದ್ರಣದ ಯಂತ್ರ ಯಾವುದು, ವಾಹಕ ಯಾವುದು, ಎಷ್ಟು ಸಲ ನಿಂತಿತು, ಎರಡನೆಯ ಮುದ್ರಣದೊಡನೆ ಹೋಲಿಸಲಾಗಿದೆಯೇ ಎಂಬ ವಿವರ ಕಾಣುವುದು ಅಪರೂಪ. ಹಾಡುಗಾರನನ್ನು ಪರೀಕ್ಷೆಗೆ ಒಡ್ಡುವ ನಾವು ನಮ್ಮ ಉಪಕರಣವನ್ನು ಪರೀಕ್ಷೆಯಿಂದ ಪಾರುಮಾಡಿದ್ದೇವೆ. ಇದು ನ್ಯಾಯವಲ್ಲ.

ಆದಕಾರಣ ನಮ್ಮ ಸೂಚನೆ ಇಷ್ಟು. ಮುದ್ರಣದಲ್ಲಿ ಲೋಪವಾದ ಎಡೆಯಲ್ಲಿ ಶಾಸನಪಾಠದಲ್ಲಿ ಮಾಡುವಂತೆ ಚುಕ್ಕೆಗಳನ್ನಿಟ್ಟು, ಲೋಪದ ಕಾಲವನ್ನು ಮಿನಿಟು ಸೆಕೆಂಡುಗಳಲ್ಲಿ ಸೂಚಿಸಬೇಕು. ಅನಂತರ ಹೇಳಿಸಿಕೊಂಡ ಪಾಠವನ್ನು ಅಲ್ಲಿ ತುಂಬಿದರೆ ಅದನ್ನು ಬೇರೆ ಅಚ್ಚಿನಲ್ಲಿ ತೋರಿಸಬೇಕು. ಸಂಕ್ಷೇಪ, ಮರೆವು, ಪಾಠಕ್ಷಯ ಎಂಬ ಮಾತುಗಳನ್ನು ಹಾಡುಗಾರನ ಮೇಲೆ ಪ್ರಯೋಗಿಸುವ ಮುನ್ನ ಆ ಎಡೆಯನ್ನು ಎರಡನೆಯ ವಾಹಕದಲ್ಲಿ ಕೇಳಿರಬೇಕು. ಎರಡನೆಯ ವಾಹಕವಿಲ್ಲದಿದ್ದರೆ ಆ ಮಾತುಗಳನ್ನು ಆಡದಿರುವುದೇ ಲೇಸು.

ನಾವು ಮುದ್ರಿಸಿದ ಆ ರಾತ್ರಿಯ ಕಾವ್ಯ ಇಪ್ಪತ್ತು ನಿಮಿಷಗಳ ಬಯಲಿನೊಡನೆಯೇ ಅಚ್ಚಾಗಬೇಕಾಗಿದೆ. ಕೈ ರೆಕಾರ್ಡರಿನಲ್ಲಿ ಆ ಭಾಗ ಇದೆ. ಆದರೆ ದೂರದ ಕಂಬಕ್ಕೆ ಕಟ್ಟಿದ್ದ ಅದರಲ್ಲಿ ಗಣೆಯೂ ಗಾಳಿಯೂ ಕೇಳುತ್ತವೆ, ಸಾಲುಗಳಲ್ಲಿ ಅರ್ಧಕ್ಕರ್ಧ ಕೇಳುವುದಿಲ್ಲ. ಕೇಳಿದಷ್ಟನ್ನು ಬರೆದು, ಕೇಳದುದಕ್ಕೆ ಚುಕ್ಕೆಗಳನ್ನಿಟ್ಟಿದ್ದೇವೆ. ಆ ಚುಕ್ಕೆಗಳು ಹಾಡುಗಾರನ ಮರೆವಲ್ಲ, ನಮ್ಮದು ಎಂಬ ಮಾತನ್ನು ಪೀಠಿಕೆಯ ಮೊದಲ ಪುಟದಲ್ಲಿ ಸೇರಿಸಿದ್ದೇವೆ.